ಪಕ್ಕದ ಮಳಿಗೆಯ ಬಾಡಿಗೆ ಎಷ್ಟೆಂದು ಕೇಳಿದ್ದೀರಾ?

ಗಿಣಿಗೇರಿಯ ಕಾರ್ಖಾನೆಗಳಿಗೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರರ ಕಚೇರಿಯಿರುವ ಕೊಪ್ಪಳದ ಮಳಿಗೆಯನ್ನು, ತಿಂಗಳಿಗೆ 45,000 ರೂಪಾಯಿ ಬಾಡಿಗೆ ಬರುತ್ತದೆಂದು 55 ಲಕ್ಷ ಕೊಟ್ಟು ಕೊಳ್ಳಬಹುದೇ, ಇಲ್ಲವೇ ಸಾಲ ಮಾಡಿ ಒಂದು ಸೈಟು ಕೊಳ್ಳುವುದು ಲೇಸೇ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ, 2010ರ ಫೆಬ್ರವರಿಯಲ್ಲಿ ಬಳ್ಳಾರಿಯ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕಾಗದಪತ್ರ ಹಿಡಿದು ಕುಳಿತಿದ್ದ ನಾನೇ ಕಣ್ಣ ಮುಂದೆ ಬಂದೆ.

ನಾನು ಕೊಂಡದ್ದು ಹೊಸಪೇಟೆ ರಸ್ತೆಯ ಒಂದು ಮಳಿಗೆ, ಬೆಲೆ 38 ಲಕ್ಷ. ಅದರಲ್ಲಿ 22 ಲಕ್ಷ ಬ್ಯಾಂಕಿನ ಸಾಲ, ಶೇ 12.5ರ ಬಡ್ಡಿ, ಹತ್ತು ವರ್ಷದ ಅವಧಿ, ತಿಂಗಳ ಕಂತು ಸುಮಾರು 32,200 ರೂಪಾಯಿ. ಸಂಡೂರಿನ ಗಣಿಗಳಿಂದ ಕಬ್ಬಿಣದ ಅದಿರು ಸಾಗಿಸುವ ಲಾರಿಗಳ ಕಚೇರಿಯೊಂದು ಅಲ್ಲಿ ಮೊದಲೇ ಇತ್ತು, 40,000 ಬಾಡಿಗೆ ಕೊಡುತ್ತಿತ್ತು. ವರ್ಷಕ್ಕೆ 4.8 ಲಕ್ಷವೆಂದರೆ ಹಾಕಿದ ಹಣಕ್ಕೆ ಶೇ 12.6ರಷ್ಟು ಗಳಿಕೆ, ಕಂತು ಕಟ್ಟಿಯೂ ಕೈಯಲ್ಲಿ ಉಳಿಯುತ್ತದೆ. ಆಗ ಆ ರಸ್ತೆಯಲ್ಲಿ ಬೇವಿನ ಎಲೆಯಿಂದ ಹಿಡಿದು ಒಣಹಾಕಿದ ಬಟ್ಟೆಯವರೆಗೆ ಎಲ್ಲವೂ ಅದಿರಿನ ಕೆಂಪು ಧೂಳಿನಲ್ಲಿ ಮುಳುಗಿತ್ತು, ಆ ಧೂಳು ಒಂದು ದಿನ ನಿಲ್ಲಬಹುದೆಂದು ಯಾರಿಗೂ ಅನ್ನಿಸಿರಲಿಲ್ಲ.

ಅದೇ ವರ್ಷದ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು, ಬಾಡಿಗೆ ತಡವಾಗತೊಡಗಿತು. 2011ರ ಏಪ್ರಿಲ್‌ನಲ್ಲಿ ಆ ತಡೆ ತೆರವಾದಾಗ ಕಷ್ಟ ಕಳೆಯಿತೆಂದು ನೆಮ್ಮದಿಪಟ್ಟೆ. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೂ ಅದಿರು ಸಾಗಣೆಯನ್ನೂ ನಿಲ್ಲಿಸಿತು. ಎರಡು ತಿಂಗಳಲ್ಲಿ ಬಾಡಿಗೆದಾರರು ಬೀಗದ ಕೈ ಒಪ್ಪಿಸಿ ಹೋದರು. ಹದಿನಾಲ್ಕು ತಿಂಗಳು ಮಳಿಗೆ ಖಾಲಿ ಬಿದ್ದಿತ್ತು. ನಂತರ ಬಂದವರು 11,000ಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಲು ಒಪ್ಪಲಿಲ್ಲ. ಕಂತು ಮಾತ್ರ 32,200 ಆಗಿಯೇ ಉಳಿಯಿತು, ಅದಕ್ಕಾಗಿ ಹೆಂಡತಿಯ ತವರಿನಿಂದ ಬಂದ ಎರಡು ಎಕರೆ ಹೊಲ ಮಾರಬೇಕಾಯಿತು.

ಕರಾರು ಕೇವಲ ಹನ್ನೊಂದು ತಿಂಗಳದ್ದಾಗಿದ್ದೇ ನನ್ನ ತಪ್ಪೆಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅದು ನಿಜವಲ್ಲ. ಮೂರು ವರ್ಷದ ನೋಂದಾಯಿತ ಕರಾರು ಇದ್ದಿದ್ದರೂ, ಲಾರಿಗಳೇ ಓಡದಿದ್ದಾಗ ಆ ಮನುಷ್ಯ ಎಲ್ಲಿಂದ ತಂದು ಕೊಡುತ್ತಿದ್ದರು? ನನ್ನ ತಪ್ಪು ಬೇರೆಯೇ ಆಗಿತ್ತು. ಪಕ್ಕದ ಕಿರಾಣಿ ಅಂಗಡಿ ಅಷ್ಟೇ ಅಗಲ, ಅದೇ ರಸ್ತೆ, ಅದೇ ಗೋಡೆ. ಅದರ ಬಾಡಿಗೆ 9,000. ಇದು ನನಗೆ ಕೊಳ್ಳುವ ಮೊದಲೇ ಗೊತ್ತಿತ್ತು. 'ಅದು ಹಳೆಯ ಬಾಡಿಗೆ, ಮಾಲೀಕರು ಏರಿಸಿಲ್ಲ' ಎಂದು ದಲ್ಲಾಳಿ ಹೇಳಿದ, ನಾನು ನಂಬಿದೆ. ಆ ಜಾಗದ ನಿಜವಾದ ಬೆಲೆಯನ್ನು ಹೇಳುತ್ತಿದ್ದುದು ಆ 9,000. ಉಳಿದ 31,000 ರೂಪಾಯಿಯನ್ನು ಕೊಡುತ್ತಿದ್ದುದು ಅದಿರಿನ ಆ ಕಾಲದ ದರವೇ ಹೊರತು ನನ್ನ ಕಟ್ಟಡವಲ್ಲ. ನಾನು ಮಳಿಗೆಯನ್ನು ಕೊಳ್ಳುತ್ತಿದ್ದೇನೆಂದು ಭಾವಿಸಿ, ಇನ್ನೊಬ್ಬರ ವ್ಯಾಪಾರದ ಒಂದು ಪಾಲನ್ನು, ಅದೂ ಸಾಲ ಮಾಡಿ, ಕೊಂಡಿದ್ದೆ. 2013ರ ಏಪ್ರಿಲ್‌ನಲ್ಲಿ ಎ ಮತ್ತು ಬಿ ವರ್ಗದ, ಎಂದರೆ ಅಕ್ರಮ ಇಲ್ಲದ ಅಥವಾ ಕಡಿಮೆಯಿದ್ದ ಗಣಿಗಳಿಗೆ ಮತ್ತೆ ಅನುಮತಿ ದೊರೆತರೂ, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಇತ್ತು, ಆ ಬಾಡಿಗೆ ಮರಳಿ ಬರಲಿಲ್ಲ.

ಆದ್ದರಿಂದ ಮಳಿಗೆಯೋ ಸೈಟೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆ ಗುತ್ತಿಗೆದಾರರು ನಾಳೆ ಹೋದರೆ ಅಲ್ಲಿಗೆ ಯಾರು ಬರುತ್ತಾರೆ, ಎಷ್ಟು ಕೊಡುತ್ತಾರೆ ಎಂಬುದೇ ಪ್ರಶ್ನೆ. ಅಕ್ಕಪಕ್ಕದ ಹೋಟೆಲು, ಔಷಧದ ಅಂಗಡಿ, ದರ್ಜಿಯ ಅಂಗಡಿಗಳ ಬಾಡಿಗೆಯನ್ನು ದಲ್ಲಾಳಿಯಿಂದಲ್ಲ, ಅಂಗಡಿಯವರಿಂದಲೇ ಕೇಳಿ ತಿಳಿಯಿರಿ. ಅದು 15,000 ಎಂದಿಟ್ಟುಕೊಳ್ಳಿ. ವರ್ಷದ 1.8 ಲಕ್ಷದಲ್ಲಿ ಖಾಲಿ ತಿಂಗಳು, ತೆರಿಗೆ, ದುರಸ್ತಿ ಕಳೆದರೆ ಒಂದೂವರೆ ಲಕ್ಷ ಉಳಿದೀತು. ಶೇ 6ರ ಗಳಿಕೆ ಬೇಕೆಂದರೂ ಆ ಮಳಿಗೆಯ ಬೆಲೆ 25 ಲಕ್ಷ, 55 ಅಲ್ಲ. ಅಷ್ಟಕ್ಕೆ ಮಾಲೀಕರು ಒಪ್ಪದಿದ್ದರೆ ಎದ್ದು ಬನ್ನಿ. ಸೈಟಂತೂ ಬಾಡಿಗೆಯನ್ನೇ ತರುವುದಿಲ್ಲ. ಸಾಲ ಮಾಡಿ ಅದನ್ನು ಕೊಳ್ಳಲೇಬೇಡಿ.

ನನ್ನ ಮಳಿಗೆಯಲ್ಲಿ ಈಗ ಬೀಜ, ಗೊಬ್ಬರದ ಅಂಗಡಿಯಿದೆ, ಬಾಡಿಗೆ 18,000. ಅವರನ್ನು ಒಪ್ಪಿಕೊಳ್ಳುವ ಮೊದಲು ಪಂಪು, ಪೈಪು ಮಾರುವ ಇನ್ನಿಬ್ಬರನ್ನು ಕೇಳಿ ನೋಡಿದ್ದೆ. ಅವರೂ 17,000ಕ್ಕೆ ಸಿದ್ಧರಿದ್ದರು.