ಅದು ತೆರಿಗೆಯಲ್ಲ, ಠೇವಣಿ

‘ಆಫ್ರಿಕಾದ 14 ದೇಶಗಳು ಇಂದಿಗೂ ಫ್ರಾನ್ಸಿಗೆ ವಸಾಹತು ತೆರಿಗೆ ಕಟ್ಟುತ್ತಿವೆಯಂತೆ, ನಿಜವೇ?’ ಎಂದು ಕೇಳಿದ್ದೀರಿ. ತೆರಿಗೆ ಎಂಬುದು ವಾಟ್ಸಾಪ್ ಮಾತು. ಇರುವುದು ಸಿಎಫ್‌ಎ ಫ್ರಾಂಕ್ ಎಂಬ ಕರೆನ್ಸಿ, 1945ರ ಡಿಸೆಂಬರಿನಲ್ಲಿ ಫ್ರಾನ್ಸ್ ತನ್ನ ವಸಾಹತುಗಳಿಗಾಗಿ ಹುಟ್ಟುಹಾಕಿದ್ದು. (14ರಲ್ಲಿ ಗಿನಿ-ಬಿಸ್ಸಾವ್ ಪೋರ್ಚುಗಲ್‌ನ ವಸಾಹತಾಗಿತ್ತು, ಈಕ್ವಟೋರಿಯಲ್ ಗಿನಿ ಸ್ಪೇನ್‌ನದು, ಅವು ಆಮೇಲೆ ಸೇರಿದವು.)

ಇದರ ದರ 1 ಯೂರೋಗೆ 655.957 ಎಂದು ಸ್ಥಿರ. ಯೂರೋಗೆ ಬದಲಾಯಿಸಿಕೊಡುವ ಖಾತರಿ ಫ್ರಾನ್ಸಿನದು. ಅದಕ್ಕೆ ಪ್ರತಿಯಾಗಿ ವಿದೇಶಿ ವಿನಿಮಯ ಸಂಗ್ರಹದ ಅರ್ಧಭಾಗವನ್ನು ಫ್ರೆಂಚ್ ಖಜಾನೆಯಲ್ಲಿ ಇಡಬೇಕಿತ್ತು. ಅದು ಬಡ್ಡಿ ಬರುವ ಠೇವಣಿ. ಪಶ್ಚಿಮ ಆಫ್ರಿಕಾದ 8 ದೇಶಗಳಿಗೆ ಈ ನಿಯಮವನ್ನು ಕೈಬಿಡುವುದಾಗಿ 2019ರಲ್ಲಿ ಒಪ್ಪಂದವಾಯಿತು. ಕರೆನ್ಸಿಗೆ ‘ಇಕೊ’ ಎಂದು ಹೊಸ ಹೆಸರಿಡುವುದಾಗಿಯೂ ಆಗ ಘೋಷಿಸಿದ್ದರು, ದರ ಮಾತ್ರ ಅದೇ.

ನನ್ನ ಪ್ರಕಾರ ನಿಜವಾದ ಹಿಡಿತ ಇರುವುದು ಠೇವಣಿಯಲ್ಲಲ್ಲ, ಆ ಸ್ಥಿರ ದರದಲ್ಲಿ. ಹತ್ತಿಯ ಬೆಲೆ ಕುಸಿದಾಗ ಮಾಲಿ ಒಂದೇ ತನ್ನ ನಾಣ್ಯವನ್ನು ಅಗ್ಗ ಮಾಡಿಕೊಳ್ಳಲಾರದು. ಬಡ್ಡಿದರ ಹೆಚ್ಚುಕಡಿಮೆ ಯೂರೋಪಿನ ಕೇಂದ್ರ ಬ್ಯಾಂಕಿನ ಹಿಂದೆಯೇ ನಡೆಯಬೇಕು. ನಾಣ್ಯ ದುಬಾರಿಯಾದಷ್ಟೂ ಆಮದು ಅಗ್ಗ, ಸ್ಥಳೀಯ ಕಾರ್ಖಾನೆಗೆ ಪೆಟ್ಟು. 1994ರ ಜನವರಿಯಲ್ಲಿ ಮೌಲ್ಯವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದಾಗ ಆಮದಾಗುವ ಔಷಧ, ಅಕ್ಕಿ ಎಲ್ಲವೂ ಗಗನಕ್ಕೇರಿದವು.

ಹಾಗೆಂದು ಲಾಭವೇ ಇಲ್ಲವೆನ್ನಲಾಗದು: ನೆರೆಯ ಘಾನಾ, ನೈಜೀರಿಯಾಗಳಿಗಿಂತ ಇಲ್ಲಿ ಹಣದುಬ್ಬರ ಬಹಳ ಕಡಿಮೆ. ಬಿಟ್ಟು ಹೋಗಲು ಅಡ್ಡಿಯೂ ಇಲ್ಲ. 1962ರಲ್ಲಿ ಹೊರನಡೆದ ಮಾಲಿ, 1984ರಲ್ಲಿ ತಾನಾಗಿಯೇ ಮರಳಿತು.