ಓದುಗರ ಪ್ರಶ್ನೆ: ಯಂತ್ರ ಒಂದೇ ಆದರೆ ಹೋಲಿಕೆ ನ್ಯಾಯವೇ?

ಪ್ರಶ್ನೆ: ಒಂದೇ ಯಂತ್ರದಲ್ಲಿ ಮೊದಲು ವಿಂಡೋಸ್ ಸರ್ವರ್, ಆಮೇಲೆ ಲಿನಕ್ಸ್ ಹಾಕಿ, ಎರಡರಲ್ಲೂ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶವನ್ನು ನಡೆಸಿ ವೇಗ ಅಳೆದೆ. ಲಿನಕ್ಸ್ ಬಹಳ ಮುಂದಿತ್ತು. ಇದು ನ್ಯಾಯವಾದ ಹೋಲಿಕೆಯಲ್ಲವೇ? (ಹಿಂಜವಡಿ, ಪುಣೆ)

ಉತ್ತರ: ಅಲ್ಲ. ಈ ವರ್ಷ ಪುಣೆಯಿಂದಲೇ ಇದು ನಾಲ್ಕನೆಯ ಸಲ ಬಂದಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಂಡೋಸ್‌ನಲ್ಲಿ ಎಂಜಿನ್‌ಎಕ್ಸ್ ಸೆಲೆಕ್ಟ್, ಪೋಲ್ ಎಂಬ ಹಳೆಯ ವಿಧಾನಗಳಿಂದಲೇ ಸಂಪರ್ಕಗಳನ್ನು ನಿಭಾಯಿಸುತ್ತದೆ, ಆದ್ದರಿಂದ ಹೆಚ್ಚಿನ ವೇಗವನ್ನು ನಿರೀಕ್ಷಿಸಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಲಿನಕ್ಸ್‌ನಲ್ಲಿ ಅದೇ ತಂತ್ರಾಂಶಕ್ಕೆ, ಸಾವಿರಾರು ಸಂಪರ್ಕಗಳನ್ನು ಚುರುಕಾಗಿ ನಿಭಾಯಿಸುವ ಇಪೋಲ್ ವಿಧಾನ ಸಿಗುತ್ತದೆ. ಹೆಸರು ಒಂದೇ ಆದರೂ ಒಳಗಿನ ಕೆಲಸ ಬೇರೆ. ವಿಂಡೋಸಿನ ಶಕ್ತಿಯನ್ನು ಅಳೆಯಬೇಕಾದರೆ, ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಮಟ್ಟದಲ್ಲೇ ಕೋರಿಕೆಗಳನ್ನು ಸ್ವೀಕರಿಸುವ, ಮೈಕ್ರೋಸಾಫ್ಟಿನದೇ ವೆಬ್ ಸರ್ವರ್ ಆದ ಐಐಎಸ್ ಅನ್ನು, ಅದನ್ನು ಬಲ್ಲವರ ಕೈಯಿಂದಲೇ ಸಜ್ಜುಗೊಳಿಸಿ ನಿಲ್ಲಿಸಬೇಕು.

ಇದರ ತಿರುಗುಮುರುಗು 1999ರಲ್ಲಿ ನಡೆದಿತ್ತು. ಮೈಕ್ರೋಸಾಫ್ಟ್ ಹಣ ಕೊಟ್ಟು ಮೈಂಡ್‌ಕ್ರಾಫ್ಟ್ ಎಂಬ ಪರೀಕ್ಷಾ ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆಯಲ್ಲಿ, ನಾಲ್ಕು ಪ್ರೊಸೆಸರ್‌ಗಳ ಯಂತ್ರದ ಮೇಲೆ, ವಿಂಡೋಸ್ ಎನ್‌ಟಿ ವೆಬ್ ಸರ್ವರ್ ಆಗಿ ಲಿನಕ್ಸ್‌ಗಿಂತ 3.7 ಪಟ್ಟು ವೇಗವೆಂದು ಸಾರಲಾಯಿತು. ಲಿನಕ್ಸನ್ನು ಸರಿಯಾಗಿ ಸಜ್ಜುಗೊಳಿಸಿರಲಿಲ್ಲ ಎಂಬ ಕೂಗೆದ್ದಿತು. ಆ ಕೂಗಿನಲ್ಲಿ ಹುರುಳೂ ಇತ್ತು. ಆದರೆ ಲಿನಕ್ಸ್ ಬಲ್ಲವರೇ ಪಕ್ಕದಲ್ಲಿದ್ದು ಮರುಪರೀಕ್ಷೆ ನಡೆಸಿದಾಗಲೂ ಎನ್‌ಟಿಯೇ ಮುಂದಿತ್ತು. ಹಲವು ಪ್ರೊಸೆಸರ್‌ಗಳಿದ್ದಾಗ ಲಿನಕ್ಸಿನ ಅಂದಿನ 2.2 ಆವೃತ್ತಿಯ ಕರ್ನಲ್‌ನ ನೆಟ್‌ವರ್ಕ್ ಭಾಗವೇ ಇಕ್ಕಟ್ಟಾಗುತ್ತಿತ್ತು; ಅದು ಸುಧಾರಿಸಿದ್ದು 2001ರ 2.4ರಲ್ಲಿ. ಲಿನಕ್ಸ್ ಅಭಿಮಾನಿಗಳು ಕತೆಯ ಈ ಅರ್ಧವನ್ನು ಮಾತ್ರ ಹೇಳುವುದಿಲ್ಲ.

ಇನ್ನು ನೆಟ್‌ವರ್ಕ್ ತಂತಿಯ ವಿಚಾರ. ಇಲ್ಲಿನ ಒಂದು ಕಚೇರಿಯಲ್ಲಿ ಎರಡೂ ವ್ಯವಸ್ಥೆಗಳು ಸೆಕೆಂಡಿಗೆ 1,100 ಕಡತಗಳ ಆಸುಪಾಸಿನಲ್ಲೇ ನಿಂತವೆಂದು "ಎರಡೂ ಸಮಾನ" ಎಂಬ ವರದಿ ಬರೆದಿದ್ದರು. ಕಡತ 100 ಕಿಲೋಬೈಟ್, ತಂತಿ ಒಂದು ಗಿಗಾಬಿಟ್. ಅಂದರೆ ಸೆಕೆಂಡಿಗೆ 125 ಮೆಗಾಬೈಟ್, ಹೆಚ್ಚೆಂದರೆ 1,250 ಕಡತ. ಅವರು ಮೂರು ದಿನ ಕೂತು ಅಳೆದದ್ದು ತಂತಿಯನ್ನು! ನಿಮ್ಮ ಗ್ರಾಹಕರ ನಿಜವಾದ ಪುಟಗಳನ್ನೇ, ಡೇಟಾಬೇಸ್ ಸಮೇತ, ಎರಡೂ ಕಡೆ ಓಡಿಸಿ ನೋಡುವವರೆಗೆ ಮೇಲಧಿಕಾರಿಗೆ ಯಾವ ಪಟ್ಟಿಯನ್ನೂ ತೋರಿಸಬೇಡಿ.

ಪ್ರಶ್ನೆ: ಲಿನಕ್ಸ್ ಹಾಕಿದರೆ ಸರ್ವರ್ ತಾನಾಗಿಯೇ ಸುರಕ್ಷಿತವೇ? (ದಾದರ್, ಮುಂಬಯಿ)

ಉತ್ತರ: ಪ್ಯಾಚ್ (ದೋಷ ತಿದ್ದುವ ತುಣುಕು) ಹಾಕದ ಯಾವ ಸರ್ವರೂ ಸುರಕ್ಷಿತವಲ್ಲ.

ಪ್ರಶ್ನೆ: ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕೋಶ) ಸ್ವಚ್ಛಗೊಳಿಸಿ ವಿಂಡೋಸ್ ಸರ್ವರಿನ ವೇಗ ಇಮ್ಮಡಿಸುವುದಾಗಿ ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ? (ಮಡಗಾಂವ್, ಗೋವಾ)

ಉತ್ತರ: ನಂಬಬೇಡಿ, ದುಡ್ಡೂ ಕೊಡಬೇಡಿ. ಅಡ್ಮಿನ್ ಪಾಸ್‌ವರ್ಡ್ ಆಗಲೇ ಕೊಟ್ಟಾಗಿದ್ದರೆ ಅದನ್ನು ಇಂದೇ ಬದಲಾಯಿಸಿ.