ಮರುಭೂಮಿಯ ನಕ್ಷತ್ರಗಳಿಗೆ ಹೊಸ ಲೆನ್ಸ್ ಬೇಕೇ?

ಕ್ಯಾಮೆರಾದ ಜೊತೆ ಬಂದ 18-55 ಮಿಮೀ ಲೆನ್ಸಿನಲ್ಲೇ ಮರುಭೂಮಿಯ ರಾತ್ರಿ ಆಕಾಶವನ್ನು ತೆಗೆಯಬಹುದೇ, ದುಬಾರಿ ಲೆನ್ಸ್ ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಕೊಳ್ಳಬೇಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಆದರೂ ಎಫ್/2.8 ಲೆನ್ಸ್ ನಿಮ್ಮ ಎಫ್/3.5ಕ್ಕಿಂತ ಸುಮಾರು ಒಂದೂವರೆ ಪಟ್ಟು ಬೆಳಕು ಕೊಡುತ್ತದೆ, ಅಷ್ಟೇ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಎಂಥ ಲೆನ್ಸಿಗೂ ಆಕಾಶಗಂಗೆ ಸರಿಯಾಗಿ ಸಿಗದು.

ಹಾಗಾಗಿ ನಾನು ಮೊದಲು ಗೊತ್ತುಮಾಡಿಕೊಳ್ಳುವುದು ದಿನವನ್ನು. ಅಮಾವಾಸ್ಯೆಯ ಹಿಂದುಮುಂದಿನ ದಿನಗಳು ಉತ್ತಮ. ಕೃಷ್ಣಪಕ್ಷದ ಅಷ್ಟಮಿಯಾದರೂ ಚಂದ್ರ ಹುಟ್ಟುವಾಗ ಹತ್ತಿರಹತ್ತಿರ ನಡುರಾತ್ರಿ. ಅಲ್ಲಿಯವರೆಗಿನ ಕತ್ತಲು ನಿಮ್ಮದು. ಆಕಾಶಗಂಗೆಯ ದಟ್ಟವಾದ ನಡುಭಾಗ ಧನು ರಾಶಿಯ ದಿಕ್ಕಿನಲ್ಲಿದೆ. ಏಪ್ರಿಲ್‌ನಲ್ಲಿ ಅದಕ್ಕಾಗಿ ಬೆಳಗಿನ ಜಾವ ಏಳಬೇಕು, ಜುಲೈ-ಆಗಸ್ಟ್‌ನಲ್ಲಿ ಕತ್ತಲಾದ ಮೇಲೆಯೇ ಕಾಣುತ್ತದೆ. ಮರುಭೂಮಿಯ ಗಾಳಿಯಲ್ಲಿ ತೇವ ಕಡಿಮೆ, ಮೋಡವೂ ಕಡಿಮೆ. ಚಿಲಿಯ ಅಟಕಾಮಾದಲ್ಲಿ ದೊಡ್ಡ ದೂರದರ್ಶಕಗಳನ್ನು ನೆಟ್ಟಿರುವುದಕ್ಕೆ ಇದೂ ಒಂದು ಕಾರಣ. ಆದರೆ ದಿನವಿಡೀ ಗಾಳಿ ಬೀಸಿದ್ದರೆ ಮೇಲೆದ್ದ ಧೂಳು ದಿಗಂತದ ಬಳಿಯ ನಕ್ಷತ್ರಗಳನ್ನು ನುಂಗಿಬಿಡುತ್ತದೆ.

ಇನ್ನು ಫೋಕಸ್. ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಇದಕ್ಕೆ ಧಾರಾಳವಾಗಿ ಸಮಯ ಕೊಡಿ. ಆಟೊಫೋಕಸ್ ಆಫ್ ಮಾಡಿ. ಲೈವ್ ವ್ಯೂನಲ್ಲಿ (ಹಿಂಬದಿ ಪರದೆಯ ನೇರ ನೋಟದಲ್ಲಿ) ಹೊಳಪಿನ ಒಂದು ನಕ್ಷತ್ರವನ್ನು ಪೂರ್ತಿ ಹಿಗ್ಗಿಸಿಕೊಂಡು, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸಿ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಮರುಭೂಮಿಯಲ್ಲಿ ಸೂರ್ಯ ಮುಳುಗಿದ ಮೇಲೆ ಚಳಿ ಬೇಗ ಏರುತ್ತದೆ, ಲೋಹ ಕುಗ್ಗಿ ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆಯಾದರೂ ಮತ್ತೆ ನೋಡಿ.

ಭೂಮಿ ತಿರುಗುವುದರಿಂದ ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ನಕ್ಷತ್ರಗಳು ಗೆರೆಗಳಾಗುತ್ತವೆ. 500ನ್ನು ಲೆನ್ಸಿನ ನಾಭಿದೂರದಿಂದ (ಮಿಮೀ ಅಂಕಿಯಿಂದ) ಭಾಗಿಸಿದರೆ ಎಷ್ಟು ಸೆಕೆಂಡ್ ತೆರೆದಿಡಬಹುದೆಂದು ಸಿಗುತ್ತದೆ, ಇದು ರೂಢಿಯ ಲೆಕ್ಕ. ಸಣ್ಣ ಸೆನ್ಸರ್ ಆದರೆ 18 ಮಿಮೀಯನ್ನು ಒಂದೂವರೆ ಪಟ್ಟು ಮಾಡಿ 27 ಎಂದು ಹಿಡಿಯಬೇಕು, ಆಗ ಸುಮಾರು 18 ಸೆಕೆಂಡ್ ಬರುತ್ತದೆ. ನಾನು 15ಕ್ಕೇ ನಿಲ್ಲಿಸುತ್ತೇನೆ. ದೊಡ್ಡ ಪರದೆಯಲ್ಲಿ ನೋಡಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಅಪರ್ಚರ್ (ಲೆನ್ಸಿನ ಕಿಂಡಿ) ಪೂರ್ತಿ ತೆರೆದು, ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಕಡತದಲ್ಲಿ, ತೆಗೆಯಿರಿ. ಕತ್ತಲಲ್ಲಿ ಕ್ಯಾಮೆರಾದ ಪರದೆ ಎಲ್ಲವನ್ನೂ ಬೆಳಗಿದಂತೆ ತೋರಿಸುವುದರಿಂದ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ನೋಡಿಯೇ ನಿರ್ಧರಿಸಿ.

ಟ್ರೈಪಾಡಿನ ಕಾಲುಗಳನ್ನು ಮರಳಿನೊಳಗೆ ಇಳಿಯುವಷ್ಟು ಒತ್ತಿ, ನಡುಗಂಬವನ್ನು ಎತ್ತಬೇಡಿ. ಅಲ್ಲಿ ಲೆನ್ಸ್ ಬದಲಿಸುವುದಂತೂ ಬೇಡವೇ ಬೇಡ. ಗಾಜಿನ ಮೇಲೆ ಮರಳು ಕೂತರೆ ಊದುಬುರುಡೆಯಿಂದ ಊದಿ ತೆಗೆಯಿರಿ, ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ. ಮರಳದಿಬ್ಬವನ್ನು ಮುನ್ನೆಲೆಗೆ ಇಟ್ಟುಕೊಳ್ಳುವ ಆಸೆಯಿದ್ದರೆ ಹಗಲಲ್ಲೇ ಜಾಗ ಆರಿಸಿ, ದಿಬ್ಬದ ಮೇಲೆ ಕಾಲಿಡದೆ ಸುತ್ತಿಕೊಂಡು ಹೋಗಿ. ಇಲ್ಲವಾದರೆ ನಿಮ್ಮದೇ ಹೆಜ್ಜೆ ಗುರುತುಗಳು ಪ್ರತಿ ಚಿತ್ರದಲ್ಲೂ ಬರುತ್ತವೆ.